ಒಂದೇ ಸಲ ಕೇಳಿದ್ದು

ಅಂದು ಬಡಿಸಲು ಕೊಟ್ಟದ್ದು ಹೋಳಿಗೆ ಎಂದು ನನ್ನ ನೆನಪು. ಕೇಸರಿಬಾತು ಎಂದು ಅವನದು. ಸಿಹಿ ಎಂದಷ್ಟೇ ಬರೆಯುತ್ತೇನೆ. ಯಾರ ನೆನಪು ಸರಿಯೆಂದು ವಾದಿಸಲು ದಣಿವು.

ನನಗಾಗ ಮೂವತ್ತೊಂಬತ್ತು. ಆಟಿಸಂ ಇದೆ ಎಂದು ವೈದ್ಯರು ಹೇಳಿ ವರ್ಷವಾಗಿತ್ತು. ಶಿರಸಿಯ ಮುದ್ರಣಾಲಯದಲ್ಲಿ ನಾನು ಕರಡು ತಿದ್ದುತ್ತಿದ್ದೆ. ಅಲ್ಲಿಗೆ ಯಂತ್ರ ರಿಪೇರಿಗೆ ಬರುತ್ತಿದ್ದವನು ಸಿದ್ದಾಪುರದ ತನ್ನ ಮನೆಗೆ ಊಟಕ್ಕೆ ಕರೆದ. ಮದುವೆಯ ಮಾತಿಗೆ ಮೊದಲು ಮನೆಯವರೊಮ್ಮೆ ನೋಡಲಿ ಎಂದು. ಆಟಿಸಂ ವಿಷಯ ಅವನಿಗಿನ್ನೂ ಹೇಳಿರಲಿಲ್ಲ. ಹೇಳಿದ ಮೇಲೂ ಅವನಿಗೆ ನಾನು ಬೇಕೇ ಎಂಬುದೊಂದೇ ಚಿಂತೆ.

ಹಿರಿಯರೆಲ್ಲ ಊಟಕ್ಕೆ ಕೂತಿದ್ದರು. ಅವನ ಅಮ್ಮ ಸಿಹಿಯ ಪಾತ್ರೆಯನ್ನು ನನ್ನ ಕೈಗಿತ್ತರು. ಬಗ್ಗಿ, "ಬೇಕಾ?" ಎಂದೆ. ಮೊದಲನೆಯವರು ಬೇಡವೆಂದರು, ಮುಂದೆ ಹೋದೆ. ಎಂಟು ಎಲೆ, ಎಂಟು ಬೇಡ. ಐದೇ ಇದ್ದಿರಬಹುದು. ಪಾತ್ರೆಯನ್ನು ತುಂಬಿದ್ದ ಹಾಗೇ ಒಳಗೆ ತಂದಿಟ್ಟೆ. ಬೇಡವೆಂದವರಿಗೆ ಮತ್ತೆರಡು ಸಲ ಒತ್ತಾಯ ಮಾಡಿ, ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದ ಹಾಕುವ ಉಪಚಾರವನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಪಾತ್ರೆ ನನ್ನ ಕೈಗೆ ಬಂದಾಗ ಮಾತ್ರ ಬೇಡ ಎಂದರೆ ಬೇಡವೇ ಆಗಿಬಿಟ್ಟಿತು.

"ಒಂದೇ ಸಲ ಕೇಳಿ ಹೋತಲಾ ಈ ಕೂಸು," ಅವನ ಸೋದರಮಾವ ಎಂದರು; ಕೂಸು ಎಂದರೆ ಅಲ್ಲಿ ಹುಡುಗಿ. "ಆನು ಮರ್ಯಾದಿಗೆ ಬ್ಯಾಡ ಅಂದಿದ್ದು."

"ಒಳ್ಳೇದೇ ಆತು ಬಿಡು, ನಿನ್ನ ಶುಗರ್ರಿಗೆ," ಎಂದರು ಅವನ ಅಮ್ಮ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾವಾಗಿನಂತೆ ತುಸು ತಡವಾಗಿ.

ಬಸ್ ಸ್ಟ್ಯಾಂಡಿಗೆ ಬಿಡಲು ಅವನು ಬೈಕಿನಲ್ಲಿ ಕರೆದೊಯ್ಯುವಾಗ ಹಿಂದೆ ಕೂತು ಎಲ್ಲ ಹೇಳಿದೆ. ವೈದ್ಯರು ಹೇಳಿದ್ದು, ಗದ್ದಲ ತಡೆಯಲಾಗದ್ದು, ಜನ ಆಡುವ ಮಾತಿನ ಹಿಂದಿನ ಮಾತು ನನಗೆ ಹೊಳೆಯದಿರುವುದು. ದಾರಿಯುದ್ದಕ್ಕೂ ಅವನು ತುಟಿ ಬಿಚ್ಚಲಿಲ್ಲ. ಆ ಮೌನಕ್ಕೆ ಅರ್ಥ ಹುಡುಕಿ ಹುಡುಕಿ ಸುಸ್ತಾದೆ. ಇಳಿದವಳೇ, "ಅಂದ್ರೆ, ಬ್ಯಾಡ ಅಂತನಾ?" ಎಂದು ಕೇಳಿದೆ.

ಅವನು ಹೆಲ್ಮೆಟ್ ತೆಗೆದ. "ಎಂತದು? ಗಾಳಿಗೆ ಎಂತದೂ ಕೇಳಿದ್ದಿಲ್ಲೆ. ಇನ್ನೊಂದ್ಸಲ ಹೇಳು."

ಶಿರಸಿಯ ಬಸ್ಸು ಹೊರಟುಹೋಯಿತು. ಮೊದಲಿನಿಂದ ಮತ್ತೆ ಹೇಳಿದೆ, ಕಡಿಮೆ ಮಾತಿನಲ್ಲಿ. ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಸ್ವಲ್ಪ ಹೊತ್ತು ಎಳೆದಾಡಿದ.

"ಹಂಗಾರೆ ಆನು ಸೀದಾ ಮಾತಾಡವು. ಅಷ್ಟೇ ಅಲ್ದಾ?"

ಅವನು ನೇರವಾಗಿ ಮಾತಾಡಬೇಕಾದ್ದು ಹೌದು, ಆದರೆ ಅಷ್ಟೇ ಅಲ್ಲವೆಂದು ನನಗೆ ಗೊತ್ತಿತ್ತು. ವಿವರಿಸುವ ಕಸುವಿರಲಿಲ್ಲ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ. ಅಲ್ಲಿಯವರೆಗೆ ಇರುತ್ತೇನೆಂದ. ಇರಬೇಕಾಗಿಲ್ಲ ಎಂದೆ.

"ಖರೇನಾ?"

ಅಲ್ಲ ಎಂದೆ.