ಸುಟ್ಟ ಬಿರಡೆಯ ಮಸಿ

ಎಲಾದಿಯೊ ಗರಾಯ್ ವಾರಕ್ಕೆ ಆರು ದಿನ ಮೆರ್ಲೊ ಸ್ಟೇಷನ್ ಹಿಂದಿನ ಅಂಗಡಿಯಲ್ಲಿ ಮೊಳೆ, ನಲ್ಲಿ, ಬಣ್ಣದ ಡಬ್ಬಿ ಮಾರುತ್ತಿದ್ದ. ಉಳಿದ ಒಂದು ದಿನ ತನ್ನನ್ನು ಕಲಾವಿದ ಅಂದುಕೊಳ್ಳುತ್ತಿದ್ದ. ಆ ಕಲೆಗಿದ್ದ ಪ್ರೇಕ್ಷಕರು ಪೋಚಾ ಚಿಕ್ಕಮ್ಮ ಮತ್ತು ಅವಳ ನಾಯಿ. ನಾಯಿ ಮಾತ್ರ ಕೊನೆಯವರೆಗೂ ಕೂತಿರುತ್ತಿತ್ತು.

ಅವನ ಬಳಿ ಇದ್ದದ್ದು ಒಂದೇ ಆಟ, ಹತ್ತು ನಿಮಿಷದ್ದು. ಅವನ ಮುತ್ತಜ್ಜನ ಮುತ್ತಜ್ಜ ಗುಲಾಮ. ಸ್ಪೇನಿನವರ ಮೇಲೆ ಯುದ್ಧ ಮಾಡಿದರೆ ಬಿಡುಗಡೆ ಎಂದು ನಂಬಿಸಿ, ಬಂದೂಕು ಹೊರಿಸಿ, ಆಂಡೀಸ್ ಬೆಟ್ಟ ಹತ್ತಿಸಿ, ಕರಿಯರ ದಳದ ಮುಂದಿನ ಸಾಲಿಗೆ ನಿಲ್ಲಿಸಿದ್ದರು. ಹೋದವರು ಬಹಳ, ಬಂದವರು ಕಡಿಮೆ. ಇದನ್ನು ಡೋಲು ಬಾರಿಸುತ್ತ, ನಡೆದು ತೋರಿಸುತ್ತ ಶಾಲೆಯ ಮಕ್ಕಳಿಗೆ ಹೇಳಬೇಕು, ಅಷ್ಟೇ ಅವನ ಆಸೆ. ಯಾವ ಶಾಲೆಯೂ ಕರೆದಿರಲಿಲ್ಲ. ಈ ದೇಶದಲ್ಲಿ ಕರಿಯರೇ ಇಲ್ಲ ಎಂದು ಪಾಠ ಮಾಡುವವರಿಗೆ ಕಣ್ಣೆದುರು ಒಬ್ಬ ಬಂದು ನಿಂತರೆ ಮುಜುಗರವೇ ಸರಿ.

ಏಪ್ರಿಲ್‌ನಲ್ಲಿ ಹೆಡ್‌ಮೇಡಂ ನೆಲಿದಾ ನಲ್ಲಿ ಕೊಳ್ಳಲು ಬಂದರು.

"ನಿಮ್ಮದು ಯಾವ ದೇಶ?"

"ಮೆರ್ಲೊ."

"ಅದಲ್ಲಪ್ಪ, ಮೂಲ?"

"ಸ್ಟೇಷನ್ ಹಿಂದೆ, ಗೋದಾಮಿನ ಪಕ್ಕ."

ಮೇಡಂ ನಕ್ಕರು. ಅವರ ಅಜ್ಜ ಇಟಲಿಯಿಂದ ಹಡಗಿನಲ್ಲಿ ಬಂದಿಳಿಯುವ ಹೊತ್ತಿಗೆ ಗರಾಯ್ ಮನೆತನದವರು ಈ ನೆಲದಲ್ಲಿ ತಲೆಮಾರುಗಟ್ಟಲೆ ಬೆನ್ನು ಸವೆಸಿದ್ದರು. ಆದರೂ ಮೂಲ ಕೇಳುವ ಹಕ್ಕು ಮೇಡಂದೇ. ಎಲಾದಿಯೊ ಆ ನಗುವಿನ ಸಂದಿನಲ್ಲೇ ತನ್ನ ಆಟದ ವಿಷಯ ತೂರಿಸಿದ. ನಾಚಿಕೆ ಅನ್ನುವುದು ಅವನಿಗೆ ಅಂಗಡಿ ಬಾಗಿಲು ಹಾಕಿದ ಮೇಲೆ ಬರುವ ವಸ್ತು.

"ಮೇ ಇಪ್ಪತ್ತೈದರ ರಾಷ್ಟ್ರೀಯ ಹಬ್ಬದ ನಾಟಕದಲ್ಲಿ ಮೇಣದಬತ್ತಿ ಮಾರೋ ಕರಿಯನ ಪಾರ್ಟು ಮಾಡಿ. ಅದಾದ್ಮೇಲೆ ನಿಮ್ಮದಕ್ಕೆ ಹತ್ತು ನಿಮಿಷ ಕೊಡ್ತೀನಿ," ಎಂದರು ಮೇಡಂ.

ಪೋಚಾ ಚಿಕ್ಕಮ್ಮ ಕೇಳಿ ಮೂಗು ಮುರಿದಳು. "ಮೊದ್ಲು ಬತ್ತಿ ಮಾರು, ಆಮೇಲೆ ನಿನ್ನ ಮಾತು ಕೇಳ್ತೀವಿ ಅಂದ್ರಾ? ಪೆದ್ದ."

"ಹತ್ತು ನಿಮಿಷ ಕೊಡ್ತಾರೆ ಚಿಕ್ಕಮ್ಮ."

"ನಮ್ಮ ಆ ಅಜ್ಜಂಗೂ ಹೀಗೇ ಏನೋ ಹೇಳಿ ಕರ್ಕೊಂಡು ಹೋದ್ರು."

ಮೇ ಇಪ್ಪತ್ತೈದರಂದು ವೇದಿಕೆಯ ಹಿಂದೆ ಡ್ರಾಯಿಂಗ್ ಟೀಚರ್ ವೈನ್ ಬಾಟಲಿಯ ಬಿರಡೆ ಸುಟ್ಟು, ಆ ಮಸಿಯನ್ನು ಮಕ್ಕಳ ಮುಖಕ್ಕೆ ಬಳಿಯುತ್ತಿದ್ದರು. ಎಂಪನಾಡ ಕಡುಬು ಮಾರುವವಳು, ಬಟ್ಟೆ ಒಗೆಯುವವಳು, ನೀರು ಹೊರುವವನು, ಎಲ್ಲರೂ ಕೆಂಪು ತುಟಿಯ ಕರಿಯರು. ಬಿರಡೆ ಎಲಾದಿಯೊನ ಮುಖದ ಹತ್ತಿರವೂ ಬಂತು.

"ನಾನು ಕರಿಯನೇ, ಟೀಚರ್."

"ಅಯ್ಯೋ ಗೊತ್ತು. ಹಿಂದಿನ ಸಾಲಿನವರಿಗೆ ಅಷ್ಟು ಎದ್ದು ಕಾಣಲ್ಲ ನೋಡಿ."

ಎದ್ದು ಹೋಗಬಹುದಿತ್ತು. ಹತ್ತು ನಿಮಿಷ ನೆನೆದು, ಕ್ಷೌರಕ್ಕೆ ಕೂತವನ ಹಾಗೆ ಕಣ್ಣು ಮುಚ್ಚಿ ಮುಖ ಒಡ್ಡಿದ. ಬತ್ತಿಯನ್ನೂ ಮಾರಿದ, ಕುಣಿಯುತ್ತ. ಎದೆಗೆ ಬಾವುಟದ ನೀಲಿ ಬಿಳಿ ರಿಬ್ಬನ್ ಚುಚ್ಚಿಕೊಂಡ ತಂದೆತಾಯಿಗಳು ಎದ್ದು ನಿಂತು ಫೋಟೊ ತೆಗೆದರು. ತನ್ನಷ್ಟು ಅಗ್ಗಕ್ಕೆ ಅಂಗಡಿಯಲ್ಲಿ ಮೊಳೆಯೂ ಸಿಗುವುದಿಲ್ಲ ಅನಿಸಿತು ಅವನಿಗೆ.

ಪರದೆ ಬಿದ್ದ ಮೇಲೆ ಡೋಲಿಗೆ ಕೈಹಾಕಿದ. ಮೇಡಂ ಬಂದರು. "ತುಂಬಾ ಮುದ್ದಾಗಿತ್ತು. ಮಕ್ಕಳಿಗೆ ಕುಡಿಯೋಕೆ ಕಾಯಿಸಿದ ಚಾಕೊಲೇಟು ಆರಿಹೋಗ್ತಿದೆ, ನಿಮ್ಮದು ಮುಂದಿನ ವರ್ಷ ನೋಡೋಣ."

ಮಕ್ಕಳು ಮುಖ ತೊಳೆಯಲೆಂದು ಪರದೆಯ ಮುಂದೆ ಬಕೆಟ್ಟು ಇಟ್ಟಿದ್ದರು. ಅವನೂ ಸಾಲಿನಲ್ಲಿ ನಿಂತು ತೊಳೆದ. ಎಂಪನಾಡದ ಹುಡುಗಿ ಅವನ ಕೆನ್ನೆ ಉಜ್ಜಿ ನೋಡಿದಳು. "ಟೀಚರ್, ಇವರದು ಪೂರ್ತಿ ಹೋಗ್ತಿಲ್ಲ."

"ಸೋಪು ಹಾಕು ಚಿನ್ನ," ಎಂದರು ಟೀಚರ್, ತಿರುಗಿಯೂ ನೋಡದೆ.

ಬಕೆಟ್ಟು ಉರುಳಿತು. ಕಾಲು ತಾಗಿತೋ ತಾಗಿಸಿದನೋ, ಮಸಿನೀರು ಸಭಾಂಗಣದ ನೆಲಕ್ಕೆಲ್ಲ ಹರಿಯಿತು. ಚಾಕೊಲೇಟಿನ ಹಂಡೆ ಹೊತ್ತವರು ಬಾಗಿಲಲ್ಲೇ ನಿಂತರು. ಮೇಡಂ ಸುತ್ತ ನೋಡಿದರು. ಅಷ್ಟು ಜನರಿದ್ದರೂ ನೆಲ ಒರೆಸುವ ಕೋಲು ಸೀದಾ ಬಂದದ್ದು ಎಲಾದಿಯೊನ ಕೈಗೆ. "ಸ್ವಲ್ಪ ಒರೆಸಿಬಿಡಿ. ಮಕ್ಕಳೇ, ಒಣಗೋವರೆಗೆ ಯಾರೂ ಏಳಬೇಡಿ."

ಬಾಗಿಲು ಬಂದ್, ಮಕ್ಕಳು ಕೂತಲ್ಲೇ. ಎಲಾದಿಯೊ ಕೋಲನ್ನು ಬಂದೂಕಿನಂತೆ ಹೆಗಲಿಗೇರಿಸಿದ. ಬಕೆಟ್ಟನ್ನು ಬೋರಲು ಹಾಕಿ ಕಾಲಿನಿಂದ ತಾಳ ಕೊಟ್ಟ. "ನಮ್ಮಜ್ಜನಿಗೂ ಒಬ್ಬರು ಹೀಗೇ ಕೈಗೊಂದು ಕೊಟ್ಟು, ಸ್ವಲ್ಪ ಮುಂದೆ ನಡಿ ಅಂದ್ರು," ಎಂದು ಶುರುಮಾಡಿ, ಒಂದು ಹೆಜ್ಜೆ ನಡೆದು, ಒಂದು ಗೇಣು ಒರೆಸಿದ. ಎಂಪನಾಡದ ಹುಡುಗಿ ಅರ್ಧ ತೊಳೆದ ಮುಖದಲ್ಲೇ ಬಾಯಿಬಿಟ್ಟು ಕೂತಿದ್ದಳು.

ಮೇಡಂ ಕೈಸನ್ನೆ ಮಾಡಿ ಅಲ್ಲಿಂದಲೇ ಹೇಳಿದರು: "ಮೂಲೇನೂ ಒರೆಸಿ."

ಮೂಲೆಯನ್ನೂ ಒರೆಸಿದ. ಅಜ್ಜನನ್ನು ಆಂಡೀಸ್ ದಾಟಿಸಲು ಅವನಿಗೆ ಅಷ್ಟು ಜಾಗ ಬೇಕೇ ಬೇಕಿತ್ತು.