ಮಾವನ ಕೆಂಪು ಹೊಲಕ್ಕೆ ತಡವಾಗಿ ಹೋದದ್ದು

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಬಳ್ಳಾರಿಯಲ್ಲಿ ಸಿಂಧನೂರಿನ ಬಸ್ಸು ಹತ್ತಿದೆ. ಹಿಂದಿನ ಸಂಜೆ ಪಾಮನಕಲ್ಲೂರಿನಿಂದ ದುರಗಮ್ಮ ಅತ್ತೆ ಫೋನು ಮಾಡಿದ್ದಳು. ನನ್ನ ಸೋದರಮಾವ ಅಮರಪ್ಪನ ಹೆಂಡತಿ ಆಕೆ. ಫೋನಿನಲ್ಲಿ ಕ್ಷೇಮ ಸಮಾಚಾರ ಕೇಳುವುದಕ್ಕೇ ಅರ್ಧ ತಾಸು ಮಾಡುವ ಹೆಂಗಸು, ಅವತ್ತು ನೇರ ವಿಷಯಕ್ಕೆ ಬಂದಳು.

"ತಮ್ಮಾ, ನಿಮ್ಮ ಮಾವ ಹೋದ ವರ್ಷದಿಂದ ಅರ್ಧ ಹೊಲ ತೋಡಿಸ್ಯಾನ. ಕೆಂಪು ಮಣ್ಣು ತಗದು ಒಗದ ಮ್ಯಾಲೆ ಬರೇ ಬಿಳಿ ಮಣ್ಣು ಬರಾಕತ್ತೈತಿ. ಸೋಮವಾರ ಉಳಿದ ಅರ್ಧಕ್ಕೂ ಜೆಸಿಬಿ ಬರತೈತಂತ. ನೀ ಹೇಳಿದ ಕಬ್ಬಿಣ ಇನ್ನಾ ಎಷ್ಟು ಕೆಳಗೈತಿ, ಬಂದು ತೋರಿಸಿ ಹೋಗಪ್ಪ."

ನಾನು ಹೇಳಿದ ಕಬ್ಬಿಣ. ನನಗೆ ಅದು ಮರೆತೇ ಹೋಗಿತ್ತು.

ಸಿರುಗುಪ್ಪ ದಾಟಿ ತುಂಗಭದ್ರೆಯ ಸೇತುವೆ ಮೇಲೆ ಬಂದಾಗ ಬಿಸಿಲು ಏರಿತ್ತು. ಆಚೆ ದಢೇಸುಗೂರು. ಭತ್ತದ ಕೊಯ್ಲು ಮುಗಿದಿರಲಿಲ್ಲ, ರಸ್ತೆಯ ಒಂದು ಬದಿ ಉದ್ದಕ್ಕೂ ಭತ್ತ ಒಣಹಾಕಿದ್ದರು, ಬಸ್ಸು ಇನ್ನೊಂದು ಬದಿಗೆ ಸರಿದು ಹೋಗುತ್ತಿತ್ತು. ನಾನು ಹುಟ್ಟಿದ್ದು ಇಲ್ಲಿ. ಅಪ್ಪ ಅವ್ವ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೂಲಿಗೆ ನಾಟಿ ಮಾಡಿದವರು. ನಾಟಿಯ ದಿನಗಳಲ್ಲಿ ಶಾಲೆಯ ಅರ್ಧ ಮಕ್ಕಳು ಗದ್ದೆಯಲ್ಲಿರುತ್ತಿದ್ದರು, ನಾನೂ ಇರುತ್ತಿದ್ದೆ. ಏಳನೇ ಇಯತ್ತೆಯಲ್ಲಿ ಅಮರಪ್ಪ ಮಾವ ಬಂದು, "ಈ ಹುಡುಗ ಕೆಸರಾಗ ನಿಲ್ಲೋದು ಸಾಕು" ಎಂದು ನನ್ನನ್ನು ಪಾಮನಕಲ್ಲೂರಿಗೆ ಕರೆದೊಯ್ದ. ಅವನ ಮನೆಯಲ್ಲಿ ಎಲ್ಲರೂ ಕುರಿ ಹಿಂದೆ ಹೋಗುತ್ತಿದ್ದರು. ನನ್ನನ್ನು ಒಂದು ದಿನವೂ ಕಳಿಸಲಿಲ್ಲ. ನಮ್ಮ ಎರಡೂ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಆಮೇಲೆ ಭೂವಿಜ್ಞಾನದಲ್ಲಿ ಎಮ್ಮೆಸ್ಸಿಯನ್ನೂ ಮಾಡಿದೆ, ಈಗ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕಷ್ಟಪಟ್ಟೇ ಗಳಿಸಿದ್ದು. ಆದರೆ ಅವತ್ತಿನ ಬಸ್ಸಿನಲ್ಲಿ ಆ ಡಿಗ್ರಿಯೇ ಎದೆ ಮೇಲೆ ಕೂತಂತಿತ್ತು.

ಎಂಟು ವರ್ಷದ ಹಿಂದಿನ ಮಾತು. ಎಮ್ಮೆಸ್ಸಿಯ ಕೊನೆಯ ವರ್ಷ, ರಜೆಗೆ ಮಾವನ ಮನೆಗೆ ಬಂದಿದ್ದೆ. ಊರಾಚೆಯ ದಿಬ್ಬದ ಮೇಲೆ ಅವನ ಹೊಲ. ತೆಳ್ಳಗೆ ಕೆಂಪು ಮಣ್ಣು, ಅದರ ಕೆಳಗೆ ಇಟ್ಟಿಗೆಯಂಥ ಗಟ್ಟಿ ಕೆಂಪು ಕಲ್ಲು. ಸುತ್ತಿಗೆಯಲ್ಲಿ ಎರಡು ತುಂಡು ಒಡೆದು ಒಯ್ದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ. ಕಬ್ಬಿಣದ ಪಾಲು ಚೆನ್ನಾಗಿಯೇ ಬಂತು. ಮುಂದಿನ ಸಲ ಬಂದಾಗ ಮನೆಯ ಅಂಗಳದಲ್ಲಿ ಕೂತು ಮಾವನಿಗೆ ಹೇಳಿದೆ: "ಮ್ಯಾಲೆ ಇಷ್ಟು ಐತಿ ಅಂದ್ರ ಕೆಳಗ ಎಷ್ಟಿರಬೇಕು, ನೀನಾ ಲೆಕ್ಕ ಹಾಕು ಮಾವ." ಮಾವ ಲೆಕ್ಕ ಹಾಕಲಿಲ್ಲ. ನಂಬಿದ. "ಊರಿಗೆ ಹೇಳಬ್ಯಾಡ, ಎಲ್ಲಾರೂ ತಮ್ಮ ತಮ್ಮ ಹೊಲ ತೋಡಿಕೊಂಡಾರು" ಅಂದ, ಅಷ್ಟೇ.

ಸಿಂಧನೂರಿಗೆ ಒಂಬತ್ತೂವರೆಗೆ ಮುಟ್ಟಿದೆ. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ನಿಲ್ದಾಣದವರೆಗೂ ಬರುತ್ತಿತ್ತು. ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದು ಲಿಂಗಸುಗೂರಿನ ಬಸ್ಸು ಹಿಡಿದೆ. ಪಾಮನಕಲ್ಲೂರಿಗೆ ಹೋಗುವವನು ಮಸ್ಕಿಯಲ್ಲಿ ಇಳಿಯಬೇಕು. ನಾನು ಲಿಂಗಸುಗೂರಿಗೇ ಟಿಕೆಟ್ ತೆಗೆಸಿದೆ. ಜೆಸಿಬಿಯ ಮಾಲೀಕ ಖಾಜಾ ಅಲ್ಲಿದ್ದಾನೆಂದು ಅತ್ತೆ ಹೇಳಿದ್ದಳು. ಅವನನ್ನು ಕಂಡು ಮಷಿನ್ ತಪ್ಪಿಸಿದರೆ ಮಾವನ ಮುಂದೆ ಏನೂ ಹೇಳಬೇಕಾಗಿಯೇ ಬರುವುದಿಲ್ಲ ಎಂಬುದು ನನ್ನ ಹಂಚಿಕೆ.

ಬಸ್ಸಿನ ತುಂಬ ಹೆಂಗಸರು. ಮುಂದಿನ ಸೀಟಿನ ಮುದುಕಿ ನನ್ನನ್ನು ಮೇಲೆ ಕೆಳಗೆ ನೋಡಿ, "ರೊಕ್ಕ ಕೊಟ್ಟಾಂವ ನಿಂತಾನ, ಪುಕ್ಕಟೆ ಬಂದಾಕಿ ಕುಂತೀನಿ. ಎಂಥಾ ಕಾಲ ಬಂತವ್ವಾ" ಎಂದು ನಕ್ಕಳು. ಪಕ್ಕದವಳು, "ನಿಂದರಲಿ ಬಿಡಬೇ, ಇಷ್ಟು ದಿನ ನಾವು ನಿಂತಿಲ್ಲೇನು" ಎಂದಳು. ಕಂಡಕ್ಟರ್ ಸಹ ನಕ್ಕ.

ಮಸ್ಕಿಗೆ ಇಪ್ಪತ್ತೈದು ಕಿಲೋಮೀಟರ್. ಅರ್ಧ ದಾರಿಗೆ ಕಾಲುವೆಯ ಹಸಿರು ಮುಗಿದು ಒಣ ಹೊಲಗಳು ಶುರುವಾಗುತ್ತವೆ. ಮಸ್ಕಿಯ ಬಂಡೆಗುಡ್ಡ ದಾಟಿದ ಮೇಲೆ ರಸ್ತೆ ಅಗಲ ಮಾಡಲು ಒಂದು ದಿಬ್ಬ ಕಡಿದಿದ್ದರು. ನಿಂತಲ್ಲಿಂದಲೇ ಬಗ್ಗಿ ಕಿಟಕಿಯಲ್ಲಿ ನೋಡಿದೆ. ಮೇಲೆ ಕೆಂಪು, ಅದರ ಕೆಳಗೆ ಕೆಂಪು ಬಿಳಿ ಕಲೆಕಲೆ, ಅದರ ಕೆಳಗೆ ಬರೀ ಬಿಳುಪು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ. ಪುಸ್ತಕದಲ್ಲಿ ಓದಿದ್ದು ದಾರಿ ಬದಿಗೇ ಇತ್ತು. ಶಿಲೆಗಳ ಶಿಥಿಲೀಕರಣದ ಪ್ರಶ್ನೆಗೆ ನಾನು ಆರು ಪುಟ ಉತ್ತರ ಬರೆದವನು. ಮಳೆನೀರು ಲಕ್ಷಾಂತರ ವರ್ಷ ಬಂಡೆಯೊಳಗೆ ಇಳಿಯುತ್ತದೆ. ಸುಣ್ಣದ ಅಂಶ, ಉಪ್ಪಿನ ಅಂಶ, ಕೊನೆಗೆ ಮರಳಿನ ಅಂಶವೂ ಕರಗಿ ಹೋಗುತ್ತದೆ. ಕರಗಲಾರದ ಕಬ್ಬಿಣ ಮೇಲುಗಡೆ ಉಳಿದು ಒತ್ತಾಗುತ್ತದೆ. ಇದನ್ನು ಉಳಿಕೆಯ ನಿಕ್ಷೇಪ ಎನ್ನುತ್ತಾರೆ. ಅಂದರೆ ಮೇಲೆ ಕಂಡದ್ದು ಕೆಳಗಿನ ಭಂಡಾರದ ಸುಳಿವಲ್ಲ, ಇಡೀ ಬಂಡೆ ಸವೆದು ಉಳಿದ ಗಂಟೇ ಅದು. ಕೆಳಗೆ ಹೋದಷ್ಟೂ ಕಡಿಮೆ. ಆರು ಪುಟ ಬರೆದಿದ್ದೆ, ಪೂರ್ತಿ ಅಂಕ ಬಂದಿತ್ತು, ಮಾವನ ಅಂಗಳದಲ್ಲಿ ಕೂತಾಗ ಅದರಲ್ಲಿ ಒಂದು ಸಾಲೂ ನೆನಪಾಗಲಿಲ್ಲ.

ಲಿಂಗಸುಗೂರಿನಲ್ಲಿ ಖಾಜಾನನ್ನು ಹುಡುಕುವುದು ಕಷ್ಟವಾಗಲಿಲ್ಲ. ಬೈಪಾಸಿನ ಗ್ಯಾರೇಜಿನಲ್ಲಿ ಜೆಸಿಬಿಯ ಹಲ್ಲುಗಳಿಗೆ ವೆಲ್ಡಿಂಗ್ ಮಾಡಿಸುತ್ತಿದ್ದ. ಐವತ್ತರ ಆಸುಪಾಸಿನ ಆಸಾಮಿ, ನನಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ಅಮರಪ್ಪನ ಅಳಿಯ ಎಂದೊಡನೆ ಎದ್ದು ನಿಂತ.

"ಅರೆ, ಎಮ್ಮೆಸ್ಸಿ ಸರ್ ನೀವಾ? ಬಹುತ್ ಖುಷಿ ಆತ್ರಿ. ನಿಮ್ಮ ಮಾವ ನಿಮ್ಮ ಹೆಸರು ಬಿಟ್ರ ಬ್ಯಾರೆ ಮಾತಾಡಾಂಗಿಲ್ಲ."

"ಸೋಮವಾರ ಮಷಿನ್ ಕಳಿಸಬ್ಯಾಡ್ರಿ" ಅಂದೆ. "ರಿಪೇರಿ ಐತಿ ಅಂತ ಹೇಳಿಬಿಡ್ರಿ."

ಖಾಜಾ ಲೋಟ ಕೆಳಗಿಟ್ಟ. "ಸುಳ್ಳು ಯಾಕ ಹೇಳ್ಲಿ? ಇಪ್ಪತ್ತು ವರ್ಷದಿಂದ ಈ ಸೀಮ್ಯಾಗ ಮಣ್ಣು ತೋಡಾಕತ್ತೀನ್ರಿ. ಎಲ್ಲಿ ತೋಡಿದ್ರೂ ಕೆಂಪು ಮುಗದ ಮ್ಯಾಲೆ ಬಿಳಿ, ಬಿಳಿ ಮುಗದ ಮ್ಯಾಲೆ ಕಲ್ಲು. ಮೊದಲನೇ ದಿನಾನಾ ನಿಮ್ಮ ಮಾವಗ ಹೇಳ್ದೆ, ಕೆಳಗ ಏನಿಲ್ಲ ಕಾಕಾ, ಇದಾ ಮಾಲು, ರಸ್ತೆಗೆ ಮಾರೋದು ಇದನ್ನಾ, ಪುಕ್ಕಟೆ ಕೊಡಬ್ಯಾಡ ಅಂತ. ಅವರಂದ್ರು, ಮ್ಯಾಲಿನ ಕಸ ನೀ ಒಯ್ಯಿ, ಕೆಳಗ ತೋಡಿಕೊಡು, ಅಷ್ಟು ಸಾಕು. ನಮ್ಮ ಹುಡುಗ ಹೇಳ್ಯಾನ ಅಂದ್ರು. ನಾ ನಾಲ್ಕನೇ ಇಯತ್ತೆ ಓದಿದಾಂವ. ಎಮ್ಮೆಸ್ಸಿ ಮುಂದ ನಂದೇನು ನಡೀತೈತಿ?"

ನಾನು ಚಹಾ ಮುಗಿಸಿ ಎದ್ದೆ. ಖಾಜಾ ಮೆಲ್ಲಗೆ ಹೇಳಿದ: "ನೀವಾ ಹೋಗಿ ಹೇಳ್ರಿ ಸರ್. ನಿಮ್ಮ ಬಾಯಿಲೆ ಹೋದದ್ದು ನಿಮ್ಮ ಬಾಯಿಲೇನಾ ವಾಪಸ್ ಬರಬೇಕು."

ಅವತ್ತು ಅಲ್ಲೇ ಲಾಡ್ಜಿನಲ್ಲಿ ಉಳಿದೆ. ಬಸ್ಸು ಇತ್ತು, ಹೋಗಬಹುದಿತ್ತು. ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಮಸ್ಕಿಗೆ ಬಂದು, ಅಲ್ಲಿಂದ ಪಾಮನಕಲ್ಲೂರಿಗೆ. ಥಂಡಿ ಗಾಳಿ, ತೊಗರಿ ಕಾಯಿ ಕಟ್ಟಿತ್ತು. ಊರೊಳಗಿನ ಕಚ್ಚಾ ರಸ್ತೆ ಗಟ್ಟಿಯಾಗಿ, ಕೆಂಪಗೆ, ಸೊಗಸಾಗಿತ್ತು. ಯಾರ ಮಣ್ಣೆಂದು ಕೇಳಬೇಕಾಗಿರಲಿಲ್ಲ. ಅತ್ತೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟಳು. ಎರಡನೇ ರೊಟ್ಟಿ ಮುಗಿಯುವ ಮೊದಲೇ ಮಾವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನಡಿ ಅಳಿಯಾ, ನಿನ್ನ ಗಣಿ ತೋರಸ್ತೀನಿ."

ದಿಬ್ಬ ಹತ್ತಿದೆವು. ಎಡಕ್ಕೆ ಅರ್ಧ ಹೊಲ ಹಾಗೇ ಇತ್ತು, ಸಜ್ಜೆ ಕೊಯ್ದ ಕೂಳೆ ಸಾಲುಸಾಲಾಗಿ. ಬಲಕ್ಕೆ ಎರಡಾಳುದ್ದದ ತಗ್ಗು. ತಳ ಪೂರ್ತಿ ಬಿಳಿ, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಜೆಸಿಬಿಗೆ ಮಾಡಿದ ಇಳಿಜಾರಿನಲ್ಲಿ ತಗ್ಗಿಗೆ ಇಳಿದು ಒಂದು ಮುಷ್ಟಿ ಹಿಡಿದೆ. ನುಣುಪಾದ ಜೇಡಿ. ಮುಂಗಾರು ಹಿಂಗಾರು ಎರಡೂ ಬಿದ್ದಿದ್ದವು, ಅಲ್ಲಿ ಒಂದು ಹುಲ್ಲುಕಡ್ಡಿಯೂ ಹುಟ್ಟಿರಲಿಲ್ಲ.

"ಇನ್ನಾ ಎಷ್ಟು ತೋಡಬೇಕು?" ಮೇಲಿನಿಂದ ಮಾವ ಕೇಳಿದ. "ಇಲ್ಲಿ ಸರಿ ಸಿಗಲಿಲ್ಲ ಅಂತ ನಾಳೆ ಆ ಕಡಿ ಹಚ್ಚೀನಿ."

"ಮಾವ, ಕೆಳಗಿಲ್ಲ."

"ಅಂದ್ರ ಆ ಕಡಿ ಐತೇನು?"

"ಆ ಕಡೀನೂ ಇಲ್ಲ. ಎಲ್ಲೂ ಇಲ್ಲ. ನಾ ತಪ್ಪು ಹೇಳಿದ್ದೆ."

ಮಾವ ನಕ್ಕ. "ಏ, ನೀ ಹೆಂಗ ತಪ್ಪು ಹೇಳ್ತಿ? ಸರಿ ನೋಡು."

ಹಿಂದೆ ಬಂದಿದ್ದ ಅತ್ತೆ ದಂಡೆಯ ಮೇಲೆ ಕೂತಳು. ನಾನು ಅವಳ ಕಡೆ ತಿರುಗಿ ಹೇಳಿದೆ, ಮಾವನ ಮುಖ ನೋಡುವ ಧೈರ್ಯ ಇರಲಿಲ್ಲ. "ಅತ್ತಿ, ಕಲ್ಲಿನ ಹಳ್ಳು ಬೆರೆತ ಉಪ್ಪಿನ ಚೀಲ ಮಳ್ಯಾಗ ಬಿಟ್ರ ಏನಾಗತೈತಿ?"

"ಉಪ್ಪು ಕರಗಿ ಹೋಗತೈತಿ. ಅದರಾಗಿನ ಹಳ್ಳು ಉಳೀತಾವು."

"ಈ ದಿಬ್ಬ ಅಂಥದಾ ಚೀಲ. ಕಲ್ಲಿನ್ಯಾಗ ಕಬ್ಬಿಣ ಅಷ್ಟಷ್ಟಾ ಇತ್ತು. ಮಳಿ ಬಿದ್ದು ಬಿದ್ದು ಬ್ಯಾರೆ ಎಲ್ಲಾ ಕರಗಿ ಹೋತು, ಕಬ್ಬಿಣ ಮ್ಯಾಲೆ ನಿಂತ್ಕೊಂತು. ಮಾವ ಕೆಳಗ ಹುಡುಕಿದ್ದು ಕರಗಿ ಹೋದ ಜಾಗಾನ."

ಅತ್ತೆಗೆ ತಕ್ಷಣ ಅರ್ಥವಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ತಗ್ಗಿನ ಅಂಚಿಗೆ ಬಂದು ಬಗ್ಗಿದ.

"ಹಂಗಾದ್ರ ನಾ ಕಸ ಅಂತ ಹೊರಗ ಹಾಕಿಸಿದ್ದು?"

"ಅದಾ ಮಾವ. ಇದ್ದದ್ದು ಅಷ್ಟಾ."

"ಗಣಿ ಮಾಡೋವಷ್ಟು ಇತ್ತೇನು ಅದು?"

"ಇರಲಿಲ್ಲ. ಎರಡು ಎಕರೆಯಾಗ ಯಾರು ಗಣಿ ಮಾಡ್ತಾರ? ಆದ್ರ ಅದರ ಮ್ಯಾಗಿನ ಮಣ್ಣಾಗ ಸಜ್ಜಿ ಬೆಳೀತಿತ್ತು."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ನನಗೆ ಕೈ ಕೊಟ್ಟು ತಗ್ಗಿನಿಂದ ಮೇಲೆಳೆದ, ಅಂಗಿಗೆ ಹತ್ತಿದ ಬಿಳಿ ಮಣ್ಣು ಕೊಡವಿದ. ಆಮೇಲೆ ಖಾಜಾನಿಗೆ ಫೋನು ಹಚ್ಚಿ, "ನಾಳೆ ಬರಬ್ಯಾಡಪ್ಪ, ಸಾಕು ಮಾಡೀನಿ" ಎಂದ. ಅರ್ಧ ಹೊಲ ಉಳಿಯಿತು.

ಇಳಿಯುವಾಗ ನಾನು ಹೇಳಿದೆ, "ಊರಾಗ ನಾನಾ ಹೇಳ್ತೀನಿ ಮಾವ, ತಪ್ಪು ನಂದು ಅಂತ." ಮಾವ ತಟ್ಟನೆ ನಿಂತ. "ಬಾಯಿ ಮುಚ್ಚಲೇ. ನಿನ್ನ ತೋರಿಸಿ ತೋರಿಸಿ ಎಷ್ಟು ಮಂದಿ ಹುಡುಗರನ್ನ ಸಾಲಿಗೆ ಹಾಕಿಸೀನಿ ನಾನು. ಕಲಿತಾಂವ ಹಿಂಗ ಮಾಡ್ದ ಅಂತ ಅನ್ನಿಸ್ಲೇನು?"

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು. ಮಾವ ನನ್ನ ಚೀಲ ಹಿಡಿದು ನಿಲ್ದಾಣಕ್ಕೆ ಬಂದ. ಅರಳಿಕಟ್ಟೆಯ ಮೇಲೆ ನಾಲ್ಕೈದು ಜನ ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ಅವರಿಗೆ ಕಬ್ಬಿಣದ ಸುದ್ದಿಯೇ ಗೊತ್ತಿಲ್ಲ, ಅಮರಪ್ಪ ನಿಧಿ ಹುಡುಕುತ್ತಿದ್ದಾನೆ ಎಂದು ವರ್ಷದಿಂದ ಆಡಿಕೊಂಡವರು.

"ಏನಲೇ ಅಮರಪ್ಪ, ಮಷಿನ್ ಬರಲಿಲ್ಲ? ಕೊಪ್ಪರಿಗಿ ಸಿಕ್ಕಿತೇನು?" ಒಬ್ಬ ಕೇಳಿದ.

"ಎಲ್ಲಿ ಕೊಪ್ಪರಿಗಿ? ಕನಸು ಬಿದ್ದಿತ್ತಲೇ, ನನ್ನ ತಲಿ ಕೆಟ್ಟಿತ್ತು" ಎಂದು ಮಾವ ನಕ್ಕ. "ನಮ್ಮ ಅಳಿಯ ಬಂದು ಬುದ್ಧಿ ಹೇಳಿದ. ಕಲಿತಾಂವ ನೋಡು, ಒಂದಾ ಸಲಕ್ಕ ತಿಳಿಸಿಬಿಟ್ಟ."

ಕಟ್ಟೆಯ ಮೇಲಿನ ಹಿರಿಯ ನನ್ನ ಕಡೆ ತಿರುಗಿ ಎದ್ದು ಕೈಮುಗಿದ. "ನೀವು ಮೊದ್ಲಾ ಬರಬೇಕಿತ್ತು ನೋಡ್ರಿ ಸರ್. ಈ ಹುಚ್ಚಪ್ಪ ಬಂಗಾರದಂಥಾ ಹೊಲ ಕೆಡಿಸ್ಕೊಂಡ."

ಎಲ್ಲರೂ ನಕ್ಕರು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕ. ನಾನೂ ತುಟಿ ಅರಳಿಸಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರ ಗುಂಪೊಂದು ದೂರದಿಂದ ಕೂಗುತ್ತ ಬರುತ್ತಿತ್ತು, ಡ್ರೈವರ್ ಅವರಿಗಾಗಿ ಕಾದ. ಇಳಿದು ನಿಜ ಹೇಳಬೇಕೆಂದರೆ ಕಟ್ಟೆ ನನ್ನಿಂದ ಹತ್ತೇ ಹೆಜ್ಜೆ. ಬಸ್ಸು ಅಲ್ಲಿ ಹತ್ತು ನಿಮಿಷವಾದರೂ ನಿಂತಿತ್ತು.