ಎರಡು ಪೇದೆಗಳ ಆರಂಭ

ಕೆರಗೋಡಿನ ನಮ್ಮ ಮನೆ ಜಗಲಿಯಲ್ಲಿ ಚದುರಂಗ ಶುರುವಾಗುವುದೇ ಎರಡು ಪೇದೆಗಳಿಂದ. ಮೊದಲ ಸರದಿಯಲ್ಲಿ ಎರಡನ್ನೂ ಒಟ್ಟಿಗೆ ಮುಂದಿಡಬೇಕು. "ಒಂದೇ ನಡ್ಸೋನು ಜಿಪುಣ ಕಣವ್ವ" ಎಂದು ಅಪ್ಪ ಕಲಿಸಿದ್ದ. ಚೆಕ್ ಆಗದ ರಾಜ ಆಟಕ್ಕೊಂದು ಸಲ ಕುದುರೆಯಂತೆ ನೆಗೆಯಬಹುದು ಎಂಬುದೂ ಅಪ್ಪನ ಪಾಠವೇ. ಇವೆರಡೂ ಹೊರಗಿನ ಪಂದ್ಯಗಳಲ್ಲಿ ನಡೆಯುವುದಿಲ್ಲವೆಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಕಚೇರಿಯವರು ನೌಕರರ ಪಂದ್ಯಾವಳಿಗೆ ನನ್ನ ಹೆಸರು ಕೊಟ್ಟಾಗ.

ಮಂಡ್ಯದಲ್ಲಿ ಕೊನೆಯ ಸುತ್ತು. ಗೆದ್ದರೆ ಜಿಲ್ಲೆಯ ತಂಡದಲ್ಲಿ ಜಾಗ. ನನಗದು ಬೇಕೇ ಬೇಕಿತ್ತು. ಎದುರಿಗೆ ಮಳವಳ್ಳಿಯ ಮೇಷ್ಟ್ರೊಬ್ಬರು ಪೆನ್ನಿನ ಮುಚ್ಚಳ ತಿರುವುತ್ತಾ ಕೂತಿದ್ದರು. ಒಂದು ತಿಂಗಳು ಫೋನ್ ನೋಡಿ ಮೊದಲ ಎಂಟು ನಡೆ ಬಾಯಿಪಾಠ ಮಾಡಿದ್ದೆ. ಆಟ ಶುರುವಾದದ್ದೇ ತಡ, ಹಿಂದಿನ ಸುತ್ತುಗಳಲ್ಲಿ ತಪ್ಪದ ಕೈ ಜಗಲಿಯ ರೂಢಿಗೇ ಹೋಯಿತು. ರಾಜನ ಮುಂದಿನ ಪೇದೆ, ಮಂತ್ರಿಯ ಮುಂದಿನ ಪೇದೆ, ಎರಡನ್ನೂ ತಳ್ಳಿ ಗಡಿಯಾರ ಒತ್ತಿಬಿಟ್ಟೆ!

ಮೇಷ್ಟ್ರು ಕೈಯೆತ್ತಿ ತೀರ್ಪುಗಾರರನ್ನು ಕರೆದರು.

"ಮೇಡಂ, ಇದು ತಪ್ಪು ನಡೆ. ಇನ್ನೊಂದು ಸಲ ಹಿಂಗಾದ್ರೆ ಆಟ ಹೋಯ್ತು" ಎಂದ ತೀರ್ಪುಗಾರರು ಮಂತ್ರಿಯ ಪೇದೆಯನ್ನು ವಾಪಸ್ ಇಡಿಸಿದರು.

ಆಮೇಲೆ ಮೇಷ್ಟ್ರಿಗಿಂತ ನನ್ನ ಬಲಗೈಗೇ ಹೆಚ್ಚು ಹೆದರಿದೆ. ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಮೂರು ಸಲ ಯೋಚಿಸಿ ಹೊರತೆಗೆಯುತ್ತಿದ್ದೆ. ಬಾಯಿಪಾಠ ಅರ್ಧಕ್ಕರ್ಧ ಮರೆತುಹೋಯಿತು. ಬೆಳಗಿನ ಬಸ್ಸಿಗೇ ನನ್ನ ಜೊತೆ ಬಂದ ಅಪ್ಪ ಹೊರಗೆ ಹೊಂಗೆಮರದ ಕೆಳಗೆ ಕೂತಿದ್ದ. ಸೋತರೆ ಅವನಿಗೆ ಸರಿಯಾಗಿ ಮಂಗಳಾರತಿ ಮಾಡಬೇಕು ಎಂದುಕೊಂಡೆ.

ಇಪ್ಪತ್ತು ನಡೆ ದಾಟಿತ್ತು. ಮೇಷ್ಟ್ರ ಮಂತ್ರಿ ನನ್ನ ರಾಜನ ಹತ್ತಿರಕ್ಕೆ ಬಂತು. ಇನ್ನೂ ಚೆಕ್ ಆಗಿರಲಿಲ್ಲ, ಕುದುರೆಯನ್ನು ಅಡ್ಡ ತಂದಿದ್ದರೆ ಬಚಾವಾಗುತ್ತಿದ್ದೆ. ಅಷ್ಟರಲ್ಲಿ ಕೈ ರಾಜನನ್ನು ನೆಗೆಸಲು ಎತ್ತಿಯಾಗಿತ್ತು. ತೀರ್ಪುಗಾರರು ಪಕ್ಕದಲ್ಲೇ ನಿಂತಿದ್ದರು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ರಾಜನಿಗೆ ಉಳಿದಿದ್ದದ್ದು ಒಂದೇ ಮನೆ. ಅಲ್ಲೇ ಇಟ್ಟೆ. ಮೇಷ್ಟ್ರ ಮುಂದಿನ ನಡೆಗೆ ಆಟ ಮುಗಿಯಿತು.

ನಾನು ಹೊರಗೆ ಬಂದಾಗ ಅಪ್ಪ ಎದ್ದು ನಿಂತು ಮುಖ ನೋಡಿದ.

"ಓಯ್ತಾ?"

"ಓಯ್ತು ಕಣಪ್ಪ."

"ಬುಡು. ಮೊದ್ಲು ಎಲ್ಡು ಪ್ಯಾದೆ ನಡುಸ್ದೆ ತಾನೆ?"

ಬೈಯಲೆಂದೇ ಬಾಯಿ ತೆರೆದಿದ್ದೆ. ಅವನ ಮುಖ ನೋಡಿ ಆಗಲಿಲ್ಲ.

"ಊಂ ಕಣಪ್ಪ, ಎಲ್ಡೂ ನಡುಸ್ದೆ."

ಸುಳ್ಳೇನೂ ಅಲ್ಲವಲ್ಲ.

"ಅಂಗಾರೆ ಸರಿ. ಸೋತ್ರೂ ಜಿಪುಣಿ ಅನ್ನಿಸ್ಕಳ್ನಿಲ್ಲ ನನ್ ಮಗ್ಳು" ಎಂದು ಅಪ್ಪ ಖುಷಿಯಾಗಿ ಬಸ್‌ಸ್ಟ್ಯಾಂಡಿನ ಕಡೆ ಹೊರಟ.